ಹೊತ್ತು ನೋಡಿ ಉಣ್ಣು, ಅಳಿಯಾ

ಅಳಿಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಮಾವ, ದಸರಾ ರಜೆಗೆ ಪೆನಾಂಗಿಗೆ ಟಿಕೆಟ್ ಆಗಿದೆ. ಅಮ್ಮನೂ ಬರುತ್ತಾಳೆ. ಜಾರ್ಜ್‌ಟೌನಿನಲ್ಲಿ ಊಟಕ್ಕೆ ಎಲ್ಲಿ ಹೋಗಬೇಕು? ಒಳ್ಳೆಯ ಹತ್ತು ಹೋಟೆಲುಗಳ ಹೆಸರು ಬರೆದು ಕಳಿಸು." ಸರಿ ಅಂದೆ. ಬರೆಯಲು ಕುಳಿತಾಗ ಮಾತ್ರ, ಹತ್ತು ಹೆಸರು ಕಳಿಸಿದರೆ ನಿನಗೆ ಉಪಕಾರ ಆಗುವುದಿಲ್ಲ ಅನ್ನಿಸಿತು. ಆ ಊರಿನಲ್ಲಿ ಆರು ವರ್ಷ ದುಡಿದು ಉಂಡವನು ನಾನು. ಬಯಾನ್ ಲೆಪಾಸಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಬಸ್ಸು ಹಿಡಿದು ಹಳೇ ಪೇಟೆಗೆ ಬಂದು, ಯಾವ ಬೀದಿಯಲ್ಲಿ ಯಾವ ಒಲೆ ಹೊತ್ತಿದೆ ಎಂದು ನೋಡಿ ಕೂರುತ್ತಿದ್ದೆ. ಅಲ್ಲಿ ಕಲಿತದ್ದು ಇಷ್ಟು: ಜಾರ್ಜ್‌ಟೌನಿನಲ್ಲಿ "ಎಲ್ಲಿ" ಎಂದು ಕೇಳುವ ಮೊದಲು "ಯಾವ ಹೊತ್ತಿಗೆ" ಎಂದು ಕೇಳಬೇಕು.

ಅಲ್ಲಿನ ಒಳ್ಳೆಯ ಅಡುಗೆ ಹೆಚ್ಚಾಗಿ ಇರುವುದು ತಳ್ಳುಗಾಡಿಗಳಲ್ಲಿ, ಕಾಫಿ ಅಂಗಡಿಯ ಒಳಗೆ ಸಾಲಾಗಿ ನಿಂತ ಸಣ್ಣ ಒಲೆಗಳಲ್ಲಿ. ಒಬ್ಬ ಮನುಷ್ಯ, ಒಂದು ಒಲೆ, ಒಂದೇ ತಿಂಡಿ. ಅದನ್ನೇ ಅವನ ಅಪ್ಪ ಮಾಡಿದ್ದ, ಕೆಲವೆಡೆ ಅಜ್ಜನೂ ಮಾಡಿದ್ದ. ನಸುಕಿಗೆ ಎದ್ದು ಕುದಿಸಿದ ಸಾರು ಮುಗಿಯಿತೋ, ಗಾಡಿ ತೊಳೆದು ಹೊರಟ. ಬೆಳಿಗ್ಗೆ ಮೀನಿನ ಗಂಜಿ ಮಾರಿದ ಜಾಗದಲ್ಲೇ ರಾತ್ರಿ ಇನ್ನೊಬ್ಬ ಬಂದು ಶ್ಯಾವಿಗೆ ಹುರಿಯುತ್ತಾನೆ. ವಾರದ ರಜೆ ಒಬ್ಬೊಬ್ಬನಿಗೆ ಒಂದೊಂದು ದಿನ. ಹೆಸರು ಹಿಡಿದು ಟ್ಯಾಕ್ಸಿಯಲ್ಲಿ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಪ್ರವಾಸಿಗರನ್ನು ನಾನು ದಿನವೂ ನೋಡುತ್ತಿದ್ದೆ. ನಿಮಗೆ ಹಾಗಾಗಬಾರದು.

ಊರಿನ ಗುಣ ತಿಳಿಯದೆ ಊಟದ ಗುಣ ತಿಳಿಯುವುದಿಲ್ಲ, ಅದಕ್ಕೆ ಎರಡು ಮಾತು. ಪಿನಾಂಗ್ ಅಂದರೆ ಮಲಯ ಭಾಷೆಯಲ್ಲಿ ಅಡಿಕೆ; ಪುಲಾವ್ ಪಿನಾಂಗ್ ಅಂದರೆ ಅಡಿಕೆಯ ದ್ವೀಪ. ಪುತ್ತೂರಿನ ತೋಟದ ನಡುವೆ ಬೆಳೆದ ನನಗೆ ಆ ಹೆಸರಿನ ಅರ್ಥ ತಿಳಿದ ದಿನವೇ ಊರು ಹತ್ತಿರವಾಯಿತು. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಎಂಬವನು ಈ ದ್ವೀಪವನ್ನು ಹಿಡಿದು, ಸುಂಕವಿಲ್ಲದ ಬಂದರು ಎಂದು ಸಾರಿದ. ಸುಂಕವಿಲ್ಲ ಅಂದ ಮೇಲೆ ಸಮುದ್ರದ ನಾಲ್ಕೂ ಕಡೆಯಿಂದ ಜನ ಬಂದರು: ದಕ್ಷಿಣ ಚೀನಾದ ಹೊಕ್ಕಿಯೆನ್ ಮತ್ತು ತಿಯೊಚಿವ್ ಜನ, ಕೋರಮಂಡಲ ತೀರದ ತಮಿಳು ಮುಸ್ಲಿಮರು, ಚೆಟ್ಟಿಯಾರರು, ಸುಮಾತ್ರಾದ ಅಚೆ ಜನ, ಸಯಾಮಿನವರು, ಬರ್ಮಾದವರು. ಒಂದೇ ಬೀದಿಯಲ್ಲಿ ಕ್ವಾನ್ ಯಿನ್ ದೇವಿಯ ಚೀನೀ ಗುಡಿ, ಕಪಿತಾನ್ ಕೆಲಿಂಗ್ ಮಸೀದಿ, 1818ರ ಸೇಂಟ್ ಜಾರ್ಜ್ ಚರ್ಚು ನಿಂತಿವೆ. ಹಿಂದಿನ ಬೀದಿಗೆ ದಾಟಿದರೆ 1833ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ. ದೇವರಿಗೆ ಮನೆ ಕಟ್ಟಿದವರು ಪಕ್ಕದಲ್ಲೇ ಒಲೆಯನ್ನೂ ಹೂಡಿದರು. ನೀವು ಉಣ್ಣಲು ಹೋಗುತ್ತಿರುವುದು ಆ ಒಲೆಗಳ ಊಟವನ್ನು.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ.

ಬೆಳಗ್ಗೆ ಏಳು ಗಂಟೆಗೆ ಕೊಪಿತಿಯಾಮಿನಲ್ಲಿರಿ. ಕೊಪಿ ಅಂದರೆ ಮಲಯದಲ್ಲಿ ಕಾಫಿ, ತಿಯಾಮ್ ಅಂದರೆ ಹೊಕ್ಕಿಯೆನ್ ಭಾಷೆಯಲ್ಲಿ ಅಂಗಡಿ. ಅಮೃತಶಿಲೆಯ ದುಂಡು ಮೇಜು, ಮರದ ಕುರ್ಚಿ, ತಲೆಯ ಮೇಲೆ ಫ್ಯಾನು. ಕಾಫಿ ಅಂಗಡಿಯ ಯಜಮಾನ ಮಾರುವುದು ಪಾನೀಯ ಮಾತ್ರ. ತಿಂಡಿಯ ಒಲೆಗಳು ಬೇರೆಯವರವು, ಅವನಿಗೆ ಬಾಡಿಗೆ ಕೊಟ್ಟು ನಿಂತವು. ಹಾಗಾಗಿ ಮೊದಲು ಮೇಜು ಹಿಡಿದು, ಒಲೆಯ ಬಳಿಗೆ ನೀನೇ ಹೋಗಿ ತಿಂಡಿ ಹೇಳಿ, ಮೇಜು ತೋರಿಸಿ ಬಾ. ತಟ್ಟೆ ಬಂದಾಗ ತಂದವನ ಕೈಗೇ ದುಡ್ಡು ಕೊಡು. ಪಾನೀಯ ಕೇಳಲು ಹುಡುಗ ಬರುತ್ತಾನೆ, ಬೇಡ ಅನ್ನಬೇಡ. ಕೂತ ಜಾಗದ ಬಾಡಿಗೆ ಹುಟ್ಟುವುದು ಆ ಲೋಟದ ಕಾಫಿಯಿಂದ.

ಅಲ್ಲಿನ ಕಾಫಿ ನಮ್ಮ ಚಿಕ್ಕಮಗಳೂರಿನ ಫಿಲ್ಟರ್ ಕಾಫಿಯಲ್ಲ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರೆ. ಕಪ್ಪಗೆ, ಗಾಢವಾಗಿ, ಬೆಲ್ಲ ಕರಕಲಾದಂಥ ಘಮ. ಸುಮ್ಮನೆ "ಕೊಪಿ" ಅಂದರೆ ಗಟ್ಟಿ ಸಿಹಿಹಾಲು ಹಾಕಿ ಕೊಡುತ್ತಾರೆ. "ಕೊಪಿ ಓ" ಅಂದರೆ ಹಾಲಿಲ್ಲ, ಸಕ್ಕರೆ ಇದೆ. "ಕೊಪಿ ಓ ಕೊಸೊಂಗ್" ಅಂದರೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ನನ್ನ ಅಕ್ಕನಿಗೆ, ಅಂದರೆ ನಿನ್ನ ಅಮ್ಮನಿಗೆ, ಸಕ್ಕರೆ ಕಾಯಿಲೆ ಇದೆಯಲ್ಲ, "ಕುರಂಗ್ ಮಾನಿಸ್" ಎಂಬ ಎರಡು ಶಬ್ದ ಅವಳಿಗೆ ಕಲಿಸು: ಸಿಹಿ ಕಡಿಮೆ. ಆ ಮಾತು ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ.

ಕೆಂಡದ ಮೇಲೆ ಸುಟ್ಟ ಬ್ರೆಡ್ಡಿಗೆ ಬೆಣ್ಣೆ, ಕಾಯಾ ಸವರಿ ಕೊಡುವುದು ಅಲ್ಲಿನ ಬೆಳಗಿನ ತಿಂಡಿ. ಕ್ಯಾಂಬೆಲ್ ಬೀದಿಯ ಪಕ್ಕದ ಓಣಿಯಲ್ಲಿ ತೋ ಸೂನ್ ಎಂಬ ಅಂಗಡಿಯಿದೆ. ಎಣ್ಣೆ ಡ್ರಮ್ಮಿನ ಒಲೆಯೊಳಗೆ ಬ್ರೆಡ್ಡು ಸುಡುವುದನ್ನು ಅಲ್ಲಿ ನಿಂತು ನೋಡಬಹುದು. ಕಾಯಾ ಅಂದರೆ ತೆಂಗಿನಹಾಲು, ಸಕ್ಕರೆ, ಮೊಟ್ಟೆ ಸೇರಿಸಿ ಕಾಯಿಸಿದ ಪಾಕ. ಮೊಟ್ಟೆಯಿದೆ ಎನ್ನುವುದು ಬಣ್ಣದಲ್ಲೂ ರುಚಿಯಲ್ಲೂ ಗೊತ್ತಾಗುವುದಿಲ್ಲ, ಮೊಟ್ಟೆ ಮುಟ್ಟದ ಅಕ್ಕನಿಗೆ ಮೊದಲೇ ಹೇಳು. ಅವಳಿಗೆ ಬೆಣ್ಣೆ ಮಾತ್ರ ಹಾಕಿಸು.

ಅವಳ ಬೆಳಗಿನ ತಿಂಡಿಗೆ ಲಿಟಲ್ ಇಂಡಿಯಾಕ್ಕೆ ಕರೆದುಕೊಂಡು ಹೋಗು. ಅಲ್ಲಿನ ಲೆಬೂ ಪೆನಾಂಗ್, ಲೆಬೂ ಪಾಸಾರ್ ಬೀದಿಗಳೆರಡೂ ಕಾಲ್ನಡಿಗೆಯ ದೂರ. ಪುತು ಮಾಯಂ ಎಂದು ಕೇಳಿದರೆ ಅವಳ ಕೈಗೆ ಬರುವುದು ನಮ್ಮ ಒತ್ತು ಶ್ಯಾವಿಗೆಯೇ. ಮೇಲೆ ತೆಂಗಿನ ತುರಿ, ಕೆಂಪು ಸಕ್ಕರೆ. ರೋಟಿ ಚನಾಯ್ ಅಂದರೆ ಪದರ ಪದರದ ಪರೋಟ. ಅದರ ಜೊತೆ ಕೊಡುವ ತೊವ್ವೆಗೆ ಮೀನಿನ ಸಾರು ಬೆರೆಸುವ ರೂಢಿ ಹಲವು ಕಡೆ ಇದೆ, ಅದಕ್ಕೆ "ದಾಲ್ ಸಾಜಾ", ತೊವ್ವೆ ಮಾತ್ರ, ಎಂದು ಗಟ್ಟಿಯಾಗಿ ಹೇಳಿಸು. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದೂ ಕೇಳು.

ಮಧ್ಯಾಹ್ನ ನೀನೂ ನಿನ್ನ ಹೆಂಡತಿಯೂ ನಾಸಿ ಕಂದರ್ ಉಣ್ಣಲೇಬೇಕು. ನಾಸಿ ಅಂದರೆ ಅನ್ನ, ಕಂದರ್ ಅಂದರೆ ಹೆಗಲ ಮೇಲಿನ ಕಾವಡಿ. ತಮಿಳು ಮುಸ್ಲಿಮರು ಕಾವಡಿಯ ಒಂದು ತುದಿಗೆ ಅನ್ನದ ಪಾತ್ರೆ, ಇನ್ನೊಂದು ತುದಿಗೆ ಸಾರಿನ ಪಾತ್ರೆ ತೂಗಿಕೊಂಡು ಬಂದರಿನ ಕೂಲಿಗಳಿಗೆ ಊಟ ಒಯ್ಯುತ್ತಿದ್ದರು. ಕಾವಡಿ ಹೋಯಿತು, ಹೆಸರು ಉಳಿಯಿತು. ಮಾಮಕ್ ಅಂಗಡಿ ಅನ್ನುತ್ತಾರಲ್ಲ, ಅದೂ ತಮಿಳಿನ "ಮಾಮ"ನಿಂದ ಬಂದ ಮಾತು. ಮಾವನೇ ಬಡಿಸಿದ ಊಟ ಎಂದುಕೋ. ಕ್ಯಾಂಬೆಲ್ ಬೀದಿಯ ಹಮೀದಿಯಾ 1907ರಿಂದ ನಡೆದಿದೆ. ಪೆನಾಂಗ್ ರಸ್ತೆಯ ಮಗ್ಗುಲಿನ ಓಣಿಯಲ್ಲಿ ಲೈನ್ ಕ್ಲಿಯರ್ ಇದೆ. ಸಾಲಿನಲ್ಲಿ ನಿಂತು ಕಣ್ಣಿಗೆ ಕಂಡ ಎರಡು ಮೂರು ಪದಾರ್ಥ ತೋರಿಸು. ಹುರಿದ ಕೋಳಿ, ಮೀನಿನ ಮೊಟ್ಟೆ, ಬೆಂಡೆಕಾಯಿ, ಹಾಗಲಕಾಯಿ. ಕೊನೆಗೆ "ಕುವಾ ಚಂಪುರ್" ಅನ್ನು. ನಾಲ್ಕಾರು ಪಾತ್ರೆಗಳಿಂದ ಒಂದೊಂದು ಸೌಟು ಸಾರು ಅನ್ನದ ಮೇಲೆ ಬೀಳುತ್ತದೆ. ಆ ಬೆರಕೆಯಲ್ಲೇ ಆ ಊಟದ ಜೀವವಿದೆ. ಸಾರನ್ನು ಬೇರೆ ಬಟ್ಟಲಿನಲ್ಲಿ ಕೊಡಿ ಎಂದು ಕೇಳಬೇಡ. ಬಲಗೈಯಲ್ಲಿ ಕಲಸಿ ಉಣ್ಣು.

ಆದರೆ ಅಕ್ಕನನ್ನು ಅಲ್ಲಿ ಊಟಕ್ಕೆ ಕೂರಿಸಬೇಡ. ತರಕಾರಿ ಪಲ್ಯ ಇರುತ್ತದೆ, ನಿಜ. ಸೌಟುಗಳು ಪಾತ್ರೆಯಿಂದ ಪಾತ್ರೆಗೆ ಓಡಾಡುತ್ತವೆ. ಮೀನು-ಮಾಂಸ ಬಿಟ್ಟು ಇಪ್ಪತ್ತು ವರ್ಷವಾದ ಅವಳ ಹರಕೆಗೆ ನಾವು ಕುಂದು ತರಬಾರದು.

ಮೂರು ಗಂಟೆಯ ಬಿಸಿಲಿಗೆ ಚೆಂದೋಲ್. ಪೆನಾಂಗ್ ರಸ್ತೆಯಿಂದ ಕವಲೊಡೆಯುವ ಲೆಬೂ ಕೆಂಗ್ ಕ್ವೀ ಎಂಬ ಕಿರು ಬೀದಿಯಲ್ಲಿ 1936ರಿಂದ ಮಾರುತ್ತಿರುವ ಗಾಡಿಯಿದೆ. ಹಸಿರು ಬಣ್ಣದ ಮೆತ್ತನೆಯ ಶ್ಯಾವಿಗೆ ಎಳೆಗಳು, ತೆಂಗಿನಹಾಲು, ತಾಳೆಬೆಲ್ಲದ ಪಾಕ, ಬೇಯಿಸಿದ ಕೆಂಪು ಕಾಳು, ಮೇಲೆ ಹೆರೆದ ಮಂಜುಗಡ್ಡೆ. ಹಸಿರೂ ಪರಿಮಳವೂ ಪಂದನ್ ಎಲೆಯವು, ನಮ್ಮ ಕೇದಿಗೆಯ ಕುಲದ ಗಿಡ. ಅಕ್ಕ ಧೈರ್ಯವಾಗಿ ತಿನ್ನಬಹುದು. ಕಾಯಿಹಾಲು-ಶ್ಯಾವಿಗೆ ಉಂಡು ಬೆಳೆದವಳಿಗೆ ಅದು ಪರದೇಶದ ತಿಂಡಿ ಅನ್ನಿಸುವುದೇ ಇಲ್ಲ. ಸಕ್ಕರೆ ಕಾಯಿಲೆಯ ನೆನಪಿರಲಿ, ಮೂವರಿಗೆ ಎರಡು ಬಟ್ಟಲು ಸಾಕು.

ಅದೇ ಹೊತ್ತಿನಲ್ಲಿ ಹತ್ತಿರದ ಚೌರಸ್ತಾ ಮಾರುಕಟ್ಟೆಗೆ ಹೋಗಿ. ಹೆಸರು ಕೇಳಿದೆಯಲ್ಲ, ಅದು ನಮ್ಮ ಕಡೆಯಿಂದ ಹೋದ ಶಬ್ದ. ಉಪ್ಪು-ಸಕ್ಕರೆ ಹಾಕಿದ ಹಣ್ಣುಗಳ ರಾಶಿಯಲ್ಲಿ ಜಾಯಿಕಾಯಿಯ ಸಿಪ್ಪೆಯನ್ನು ಹುಡುಕು. ಹದಿನೆಂಟನೆಯ ಶತಮಾನದ ಕೊನೆಗೆ ಕಂಪನಿಯವರು ಮೊಲುಕ್ಕಾ ದ್ವೀಪಗಳಿಂದ ತಂದು ನೆಟ್ಟ ಬೆಳೆ ಅದು. ನಾವು ಬೀಜವನ್ನೂ ಪತ್ರೆಯನ್ನೂ ಇಟ್ಟುಕೊಂಡು ಹೊರಗಿನ ತಿರುಳನ್ನು ಎಸೆಯುತ್ತೇವೆ. ಅಲ್ಲಿ ಅದರಿಂದ ಉಪ್ಪಿನಕಾಯಿ, ಶರಬತ್ತು ಎಲ್ಲ ಆಗುತ್ತದೆ. ಶರಬತ್ತಿನ ಅಂಗಡಿಯಲ್ಲಿ "ಅಂಬ್ರಾ" ಎಂಬ ಹೆಸರು ಕಂಡರೆ ಬಿಡಬೇಡ. ಅದು ಅಮಟೆಕಾಯಿಯ ರಸ, ಒಣಗಿಸಿದ ಉಪ್ಪು ಪ್ಲಮ್ ಹಾಕಿದ್ದು. ಅಮಟೆಯ ಗೊಜ್ಜು ಮಾಡುವ ಅಕ್ಕನಿಗೆ ಮೊದಲ ಗುಟುಕಿನಲ್ಲೇ ಗುರುತು ಸಿಗುತ್ತದೆ.

ಸಂಜೆಗೆ ಮುಂಚೆ ನಿನಗೆ ಇನ್ನೊಂದು ಕೆಲಸವಿದೆ: ಅಸ್ಸಾಂ ಲಕ್ಸಾ. ಹೆಸರು ನೋಡಿ ನಮ್ಮ ಅಸ್ಸಾಮಿನದು ಅಂದುಕೊಳ್ಳಬೇಡ. ಮಲಯದಲ್ಲಿ ಅಸಾಂ ಅಂದರೆ ಹುಳಿ. ಅದರ ಸಾರಿಗೆ ಬೇಯಿಸಿ ಬಿಡಿಸುವ ಮೀನು ಕೆಂಬುಂಗ್, ಅಂದರೆ ನಮ್ಮ ಬಂಗುಡೆಯ ಜಾತಿ. ಹುಳಿಗೆ ಹುಣಸೆಯ ಜೊತೆ ಒಣಗಿಸಿದ ಹಣ್ಣಿನ ಹೋಳು ಹಾಕುತ್ತಾರೆ, ಅದು ನಮ್ಮ ಉಪ್ಪಾಗೆ, ಪುನರ್ಪುಳಿಗಳ ದಾಯಾದಿ. ಬಂಗುಡೆ ಪುಳಿಮುಂಚಿ ಉಂಡು ಬೆಳೆದ ನಾಲಿಗೆಗೆ ಇದರ ಬುಡ ಗೊತ್ತು. ಅದರ ಮೇಲೆ ಬರುವುದು ಹೊಸದು: ದಪ್ಪ ಅಕ್ಕಿ ಶ್ಯಾವಿಗೆ, ಅನಾನಸು, ಸೌತೆ, ಪುದಿನ, ಹಸಿ ಈರುಳ್ಳಿ, ಬುಂಗಾ ಕಾಂತಾನ್ ಎಂಬ ಹೂವಿನ ಮೊಗ್ಗಿನ ಚೂರು. ಬದಿಯಲ್ಲಿ ಒಂದು ಚಮಚ ಕಪ್ಪು ಸಿಗಡಿ ಪಾಕ ಇಟ್ಟು ಕೊಡುತ್ತಾರೆ. ಅದನ್ನು ಒಮ್ಮೆಗೇ ಕಲಸದೆ, ಮೊದಲು ಬರೀ ಸಾರು ಕುಡಿದು ನೋಡು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬೆರೆಸು. ಕೆಕ್ ಲೋಕ್ ಸಿ ದೇಗುಲ ನೋಡಲು ಆಯೆರ್ ಇತಾಮಿಗೆ ಹೋದ ದಿನ, ಅಲ್ಲಿನ ಪೇಟೆಯಲ್ಲೇ ಲಕ್ಸಾ ತಿನ್ನು.

ಕತ್ತಲಾದ ಮೇಲೆ ಬೀದಿಯೇ ಊಟದ ಮನೆ. ಚುಲಿಯಾ ಬೀದಿ, ಕಿಂಬರ್ಲಿ ಬೀದಿ, ಲೊರೊಂಗ್ ಬಾರು, ಈ ಮೂರರಲ್ಲಿ ಯಾವುದಕ್ಕೆ ಹೋದರೂ ಗಾಡಿಗಳ ಸಾಲು ಸಿಗುತ್ತದೆ. ಗರ್ನಿ ಡ್ರೈವಿನ ಹೆಸರು ನಿನಗೆ ಎಲ್ಲರೂ ಹೇಳುತ್ತಾರೆ. ಜಾಗ ದೊಡ್ಡದು, ಸಮುದ್ರದ ಗಾಳಿ ಚೆನ್ನ. ನನ್ನ ಮನಸ್ಸು ಮಾತ್ರ ಹಳೇ ಪೇಟೆಯ ಬೀದಿಗಳಿಗೇ ಓಟು ಹಾಕುತ್ತದೆ, ಅಲ್ಲಿ ಊರಿನವರ ಪಕ್ಕದಲ್ಲಿ ಕೂತು ಉಣ್ಣುತ್ತೀಯ. ಚಾರ್ ಕ್ವೇ ತಿಯಾವ್ ಹೇಳು: ಅಗಲ ಅಕ್ಕಿ ಶ್ಯಾವಿಗೆಯನ್ನು ಸಿಗಡಿ, ಕಪ್ಪೆಚಿಪ್ಪಿನ ಮಾಂಸ, ಮೊಟ್ಟೆ, ಮೊಳಕೆಕಾಳಿನ ಜೊತೆ ಉರಿಯ ಮೇಲೆ ಹುರಿದದ್ದು. ಒಳ್ಳೆಯ ಬಾಣಸಿಗ ಒಂದು ಸಲಕ್ಕೆ ಒಂದೇ ತಟ್ಟೆ ಹುರಿಯುತ್ತಾನೆ. ನಿನ್ನ ಸರದಿಗೆ ಅರ್ಧ ಗಂಟೆ ಬೇಕಾದರೂ ಕಾಯಿ. ಹತ್ತು ತಟ್ಟೆಯದನ್ನು ಒಟ್ಟಿಗೇ ಹುರಿದು ರಾಶಿ ಹಾಕಿದ ಗಾಡಿಯಿಂದ ದೂರ ಹೋಗು. ಚೀನೀ ಗಾಡಿಗಳ ಹುರಿಗೆ ಹಂದಿಯ ಕೊಬ್ಬು ಬಳಸುವುದು ಹಳೇ ಪದ್ಧತಿ. ನಿನ್ನ ಹೆಂಡತಿ ಅದನ್ನು ತಿನ್ನುವುದಿಲ್ಲವಾದರೆ ಮೊದಲೇ ಕೇಳಿಕೊಳ್ಳಲಿ. ಇನ್ನೊಂದು ಎಚ್ಚರ: ಕೌಲಾಲಂಪುರದಲ್ಲಿ ಹೊಕ್ಕಿಯೆನ್ ಮೀ ಅಂದರೆ ಕಪ್ಪಗೆ ಹುರಿದ ಶ್ಯಾವಿಗೆ, ಪೆನಾಂಗಿನಲ್ಲಿ ಅದೇ ಹೆಸರಿಗೆ ಸಿಗಡಿ ಸಾರಿನ ಶ್ಯಾವಿಗೆ ಬರುತ್ತದೆ.

ಈಗ ಅಕ್ಕನ ವಿಷಯ. ಈ ಕಿವಿಮಾತಿನಲ್ಲಿ ನನಗೆ ಮುಖ್ಯವಾದದ್ದು ಇದೇ.

ನೀನು ಫೋನಿನಲ್ಲಿ, "ಅಮ್ಮನಿಗೆ ಅವಲಕ್ಕಿ, ಉಪ್ಪಿಟ್ಟಿನ ರೆಡಿ ಪೊಟ್ಟಣ ಕಟ್ಟಿಕೊಂಡು ಹೋಗುತ್ತೇವೆ" ಅಂದೆ. ಒಂದೆರಡು ಇರಲಿ, ವಿಮಾನ ತಡವಾದರೆ ಬೇಕಾಗುತ್ತದೆ. ಆದರೆ ಐದು ದಿನವೂ ಅವಳು ಹೋಟೆಲ್ ರೂಮಿನಲ್ಲಿ ಬಿಸಿನೀರು ಹಾಕಿ ಉಪ್ಪಿಟ್ಟು ತಿನ್ನುವಂತಾದರೆ, ಅವಳನ್ನು ಕರೆದುಕೊಂಡು ಹೋಗಿ ಏನು ಫಲ? ಆ ಊರಿನಲ್ಲಿ ಸಸ್ಯಾಹಾರ ಹೊರಗಿನವರಿಗಾಗಿ ಹುಟ್ಟಿದ್ದಲ್ಲ, ಅಲ್ಲಿನ ಚೀನೀಯರ ಭಕ್ತಿಯಲ್ಲೇ ಅದು ಇದೆ. ಬೌದ್ಧ ಪದ್ಧತಿಯ ಅಂಗಡಿಗಳಲ್ಲಿ ಮಾಂಸ-ಮೀನು ಇಲ್ಲ ಎನ್ನುವುದಷ್ಟೇ ಅಲ್ಲ, ಈರುಳ್ಳಿ-ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬಾಗಿಲ ಮೇಲೆ ಸ್ವಸ್ತಿಕದ ಗುರುತು ಕಂಡರೆ ಅಂಥ ಅಂಗಡಿ ಎಂದು ತಿಳಿ. ನಮ್ಮ ಸ್ವಸ್ತಿಕಕ್ಕೆ ಎದುರು ದಿಕ್ಕಿಗೆ ತಿರುಗಿರುತ್ತದೆ. ಒಳಗೆ ಇಪ್ಪತ್ತು ಮೂವತ್ತು ತಟ್ಟೆ ಪಲ್ಯಗಳು ಸಾಲಾಗಿರುತ್ತವೆ. ಅನ್ನದ ತಟ್ಟೆ ಹಿಡಿದು ಬೇಕಾದಷ್ಟು ಬಡಿಸಿಕೊಂಡು ಬಂದರೆ, ಯಜಮಾನಿ ತಟ್ಟೆ ನೋಡಿ ಬೆಲೆ ಹೇಳುತ್ತಾಳೆ. ಸೋಯಾ ಮತ್ತು ಗೋಧಿಯಿಂದ ಕೋಳಿ, ಮೀನಿನ ಆಕಾರ ಮಾಡಿ ಇಟ್ಟಿರುತ್ತಾರೆ. ಅಕ್ಕನಿಗೆ ನೋಡಿ ಗಾಬರಿಯಾಗದಂತೆ ಮೊದಲೇ ತಿಳಿಸು. ಅದು ಬೇಡವಾದರೆ ತೋಫು, ಎಲೆಕೋಸು, ಅಣಬೆ, ಬದನೆ, ಸೊಪ್ಪು ಬೇಕಾದಷ್ಟಿದೆ. ಕೆಲವು ತಿಂಡಿಗಳಲ್ಲಿ ಮೊಟ್ಟೆ ಇರಬಹುದು, ಅದೊಂದನ್ನು ಕೇಳು.

ಚೀನೀ ತಿಂಗಳಿನ ಒಂದನೆಯ ಮತ್ತು ಹದಿನೈದನೆಯ ದಿನ ಅಲ್ಲಿನ ಅನೇಕರು ಮಾಂಸ ಮುಟ್ಟುವುದಿಲ್ಲ; ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ ಕಳೆದ ಪಾಡ್ಯ ಮತ್ತು ಹುಣ್ಣಿಮೆಯ ಆಸುಪಾಸು. ಇನ್ನೂ ಸಂತೋಷದ ಸುದ್ದಿ ಕೇಳು. ಚೀನೀ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಒಂಬತ್ತು ಚಕ್ರವರ್ತಿ ದೇವರುಗಳ ಹಬ್ಬ. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ನವರಾತ್ರಿಯ ಜೊತೆಗೇ ಬೀಳುತ್ತದೆ. ಆ ದಿನಗಳಲ್ಲಿ ಭಕ್ತರು ಬಿಳಿ ಬಟ್ಟೆ ಉಟ್ಟು ಶುದ್ಧ ಸಸ್ಯಾಹಾರ ಉಣ್ಣುತ್ತಾರೆ. ಬೀದಿಯಲ್ಲಿ ಹಳದಿ ಬಾವುಟ ಕಟ್ಟಿದ ಗಾಡಿಗಳು ಏಳುತ್ತವೆ. ಮಾಮೂಲು ದಿನ ಸಿಗಡಿ ಹಾಕಿ ಹುರಿಯುವ ಶ್ಯಾವಿಗೆಯೂ ಅಲ್ಲಿ ಸಸ್ಯಾಹಾರವಾಗಿ ಸಿಗುತ್ತದೆ. ನೀವು ಹೊರಟಿರುವುದು ದಸರಾಕ್ಕೆ. ದಿನಾಂಕ ಹೊಂದಿತೋ ನೋಡಿಕೋ. ಹೊಂದಿದರೆ ಅಕ್ಕ ಹಳದಿ ಬಾವುಟ ಹುಡುಕುತ್ತ ನಡೆದರೆ ಸಾಕು, ನವರಾತ್ರಿಯ ವ್ರತವೂ ನಡೆಯಿತು, ಊರಿನ ರುಚಿಯೂ ಸಿಕ್ಕಿತು.

ಆದರೆ ಕೇಳುವ ಮಾತು ಸರಿಯಿರಬೇಕು. ನಿನ್ನ ಅತ್ತೆಗೆ ಆದದ್ದನ್ನು ಹೇಳುತ್ತೇನೆ. ಶ್ರಾವಣದಲ್ಲಿ ಅವಳು ಮೀನು ಬಿಡುತ್ತಿದ್ದಳು. ಒಂದು ಸಂಜೆ ಗಾಡಿಯಲ್ಲಿ ಹಣ್ಣಿನ ರೋಜಕ್ ಮಾರುತ್ತಿದ್ದರು. ಅನಾನಸು, ಮಾವು, ಸೌತೆ, ಮೇಲೆ ಕಡಲೆಬೀಜದ ಪುಡಿ, ಕಪ್ಪು ಪಾಕ. "ಇದರಲ್ಲಿ ಬರೀ ಹಣ್ಣೇ ಅಲ್ಲವೇ?" ಎಂದು ನಾನು ಕೇಳಿದೆ. ಹೌದು ಅಂದರು. ಅವಳು ಅರ್ಧ ತಿಂದ ಮೇಲೆ ಗೊತ್ತಾಯಿತು, ಆ ಕಪ್ಪು ಪಾಕ ಸಿಗಡಿಯದು. ಅವಳು ಎರಡು ದಿನ ಮಂಕಾಗಿದ್ದಳು. ಮಾರಿದವನು ಸುಳ್ಳು ಹೇಳಲಿಲ್ಲ. ನನ್ನ ಪ್ರಶ್ನೆ ಸಾಲದಾಗಿತ್ತು. ಅಲ್ಲಿನ ಅಡುಗೆಯಲ್ಲಿ ಸಿಗಡಿ ಉಪ್ಪಿನ ಸ್ಥಾನದಲ್ಲಿದೆ. ಬೆಲಾಚಾನ್ ಎಂಬ ಒಣಸಿಗಡಿಯ ಗಟ್ಟಿ ಪಾಕ ಚಟ್ನಿಯಲ್ಲಿ, ಸೊಪ್ಪಿನ ಪಲ್ಯದಲ್ಲಿ, ಎಲ್ಲೆಂದರಲ್ಲಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೆಂಗಿನಹಾಲಿನ ಅನ್ನವಾದ ನಾಸಿ ಲೆಮಾಕ್ ಕೂಡ ಸಣ್ಣ ಒಣಮೀನಿನ ಚಟ್ನಿಯ ಜೊತೆಗೇ ಬರುತ್ತದೆ.

ಅದಕ್ಕೆ "ಸಸ್ಯಾಹಾರವೇ?" ಎಂದು ಕೇಳಿ ಸುಮ್ಮನಾಗಬೇಡ. ಬೇಡದ್ದನ್ನು ಒಂದೊಂದಾಗಿ ಹೆಸರಿಸು: "ಸಾಯ ತಕ್ ಮಾಕನ್ ದಾಗಿಂಗ್, ಇಕಾನ್, ಉದಾಂಗ್, ತೆಲುರ್." ನಾನು ಮಾಂಸ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ. ಕೊನೆಗೆ "ಬೆಲಾಚಾನ್" ಎಂದೂ ಸೇರಿಸು. ಚೀನೀ ಗಾಡಿಯ ಮುಂದೆ "ಚಿಯಾ ಚಾಯ್" ಅಂದರೆ ಹೊಕ್ಕಿಯೆನ್ ಮಾತಾಡುವ ಅಜ್ಜಿಯೂ ತಲೆದೂಗುತ್ತಾಳೆ: ಈಕೆ ಸಸ್ಯಾಹಾರಿ, ವ್ರತದವಳು. ಲಿಟಲ್ ಇಂಡಿಯಾದಲ್ಲಿ "ಸೈವಂ" ಎಂಬ ತಮಿಳು ಮಾತು ಸಾಕು. ಈ ಮೂರನ್ನೂ ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದು ಅಕ್ಕನ ಪರ್ಸಿನಲ್ಲಿಡು. ಅವಳೇ ಬಾಯಿಬಿಟ್ಟು ಕೇಳಲಿ. ತನಗೆ ಬೇಕಾದ್ದನ್ನು ತಾನೇ ಕೇಳಿ ಪಡೆದ ಊಟಕ್ಕೆ ಬೇರೆಯೇ ತೃಪ್ತಿ ಇರುತ್ತದೆ.

ನಡವಳಿಕೆಯ ಮಾತು ಇನ್ನು ಕೆಲವಿವೆ. ಮುಸ್ಲಿಮರ ಅಂಗಡಿಗೆ ಹೊರಗಿನ ತಿಂಡಿ ಒಯ್ಯಬೇಡ. ಚೀನೀ ಗಾಡಿಯಲ್ಲಿ ಕಟ್ಟಿಸಿಕೊಂಡದ್ದನ್ನಂತೂ ಅವರ ಮೇಜಿನ ಮೇಲೆ ತೆರೆಯಲೇಬಾರದು. ಜನ ಹೆಚ್ಚಿದ್ದಾಗ ಅಪರಿಚಿತರು ನಿನ್ನ ಮೇಜಿಗೆ ಬಂದು ಕೂರುತ್ತಾರೆ, ಜಾಗ ಕೊಡು. ಉಂಡ ಮೇಲೆ ಹರಟುತ್ತ ಕೂರಬೇಡ, ನಿಂತವನಿಗೆ ಹಸಿವಾಗಿರುತ್ತದೆ. ಟಿಪ್ಸ್ ಕೊಡುವ ರೂಢಿಯಿಲ್ಲ. "ತೆರಿಮಾ ಕಾಸಿಹ್", ಧನ್ಯವಾದ, ಅಂದರೆ ಮುಖ ಅರಳುತ್ತದೆ. ಸಣ್ಣ ನೋಟುಗಳನ್ನು ಜೇಬಿನಲ್ಲಿಡು. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ಮಳೆ ಹೆಚ್ಚಿರುವ ತಿಂಗಳು, ಕೊಡೆ ಬೇಕು. ಹಳೇ ಅಂಗಡಿಮನೆಗಳ ಮುಂದೆ ಐದಡಿಯ ಜಗಲಿದಾರಿ ಉದ್ದಕ್ಕೂ ಇರುತ್ತದೆ, ಅದರೊಳಗೆ ನಡೆದರೆ ನೆನೆಯದೆ ಬೀದಿಯಿಂದ ಬೀದಿಗೆ ಹೋಗಬಹುದು. ಮೆಟ್ಟಿಲು, ಎತ್ತರ-ತಗ್ಗು ಬಹಳ, ಅಕ್ಕನ ಕೈ ಹಿಡಿದುಕೋ. ಬೀದಿ ಊಟ ಹೊಟ್ಟೆಗೆ ಆಗಿಬರುತ್ತದೋ ಎಂಬ ಭಯ ಬೇಡ. ಅಲ್ಲಿ ಅಡುಗೆ ಮಾರುವವರು ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡಿರಲೇಬೇಕು ಎಂಬ ಕಾನೂನಿದೆ. ಬಿಸಿಬಿಸಿಯಾಗಿ ಕಣ್ಣೆದುರು ಮಾಡಿಕೊಟ್ಟದ್ದನ್ನು ತಿನ್ನು, ಮೊದಲ ದಿನವೇ ಎಂಟು ತಿಂಡಿ ತಿನ್ನಬೇಡ.

ಇಷ್ಟೆಲ್ಲ ಬೀದಿ ಒಲೆಗಳಿಗೇ ಹೋಗು ಎಂದು ಯಾಕೆ ಒತ್ತಿ ಹೇಳುತ್ತೇನೆ, ತಿಳಿದುಕೋ. 2008ರ ಜುಲೈಯಲ್ಲಿ ಯುನೆಸ್ಕೊ ಜಾರ್ಜ್‌ಟೌನನ್ನು ಮೆಲಾಕಾದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಎಂಟು ವರ್ಷ ಮೊದಲು, 2000ದ ಜನವರಿಗೆ, ಹಳೇ ಬಾಡಿಗೆ ನಿಯಂತ್ರಣ ಕಾನೂನು ರದ್ದಾಗಿತ್ತು. ತಲೆಮಾರುಗಳಿಂದ ಕಡಿಮೆ ಬಾಡಿಗೆಗೆ ಇದ್ದ ಸಾವಿರಾರು ಕುಟುಂಬಗಳು ಪೇಟೆ ಬಿಟ್ಟವು. ಪರಂಪರೆಯ ಪಟ್ಟ ಬಂದ ಮೇಲೆ ಅದೇ ಮನೆಗಳು ಬಣ್ಣ ಬಳಿದುಕೊಂಡು ಕೆಫೆಗಳಾದವು, ದುಬಾರಿ ತಂಗುಮನೆಗಳಾದವು. ಗೋಡೆ ಚೆಂದವಾಯಿತು, ಗೋಡೆಯೊಳಗಿನ ಬದುಕು ತೆಳುವಾಯಿತು. ತಳ್ಳುಗಾಡಿಯವನ ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ. ಹಲವು ಒಲೆಗಳಿಗೆ ವಾರಸುದಾರರಿಲ್ಲ. ಊರಿನ ತಿಂಡಿಗಳನ್ನು ಊರಿನವರೇ ಬೇಯಿಸಬೇಕು ಎಂದು ಪೆನಾಂಗ್ ರಾಜ್ಯ ಸರಕಾರ 2016ರಿಂದ ನಿಯಮ ತಂದಿತು. ನಿಯಮ ಒಲೆಯನ್ನು ಒಂದಿಷ್ಟು ಕಾಯುತ್ತದೆ. ಆದರೆ ಒಲೆ ಉರಿಯುವುದು ಉಣ್ಣುವವರು ಬಂದಾಗ.

ಅದಕ್ಕೇ ಹೇಳುತ್ತೇನೆ, ಭಿತ್ತಿಚಿತ್ರದ ಮುಂದೆ ಫೋಟೊ ತೆಗೆದು, ತಂಪು ಕೆಫೆಯಲ್ಲಿ ಎಲ್ಲ ಊರಲ್ಲೂ ಸಿಗುವ ಕೇಕು ತಿಂದು ಬರಬೇಡ. ಚಿತ್ರ ನೋಡು, ಬೇಡ ಅನ್ನುವುದಿಲ್ಲ. ಹಸಿವನ್ನು ಮಾತ್ರ ಗಾಡಿಯವನಿಗಾಗಿ ಉಳಿಸಿಕೋ. ಮೊದಲ ದಿನ ಹೋದ ಕಾಫಿ ಅಂಗಡಿಗೇ ಕೊನೆಯ ದಿನವೂ ಹೋಗು. ಎರಡನೆಯ ಸಲ ಬಂದವನ ಗುರುತು ಅವರಿಗೆ ಸಿಗುತ್ತದೆ. ಮೇಜು ಒರೆಸುವ ಮುದುಕ ನಿನ್ನ ಅಮ್ಮನನ್ನು ನೋಡಿ "ಕುರಂಗ್ ಮಾನಿಸ್?" ಎಂದು ತಾನೇ ಕೇಳಿದರೆ, ನೀವು ಆ ಊರಿಗೆ ಹೋಗಿ ಬಂದಿರಿ ಎಂದು ನಾನು ಒಪ್ಪುತ್ತೇನೆ.

ಕೊನೆಯ ಮಾತು. 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಮಲೇಶ್ಯಾದ ಬೆಳಗಿನ ಉಪಾಹಾರದ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇರೆ ಬೇರೆ ಜಾತಿ-ಧರ್ಮದ ಜನ ಒಂದೇ ಮೇಜಿನಲ್ಲಿ ಕೂತು ತಿನ್ನುವ ಆ ಬೆಳಗು ಹೋಟೆಲಿನ ಬಫೆ ಹಾಲಿನಲ್ಲಿ ಇಲ್ಲ, ಬೀದಿಯಲ್ಲಿದೆ. ನೀನು ರೂಮು ಕಾದಿರಿಸುವಾಗ ಉಪಾಹಾರವನ್ನೂ ಸೇರಿಸಿಯೇ ಕಾದಿರಿಸಿದ್ದೇನೆ ಅಂದೆಯಲ್ಲ, ಇವತ್ತೇ ಅದನ್ನು ತೆಗೆಸು.

ನಿನ್ನ ಮಾವ